ಬಾವಿಕಟ್ಟೆ ಹಿಂದಿನ ಒಂದೆಲಗ

ಕಳೆದ ತಿಂಗಳು ಅಕ್ಕನ ಮಗಳು ನಮ್ಮ ಮನೆಗೆ ಬಂದಿದ್ದಳು. ಹೋಗುವಾಗ ಬಚ್ಚಲಮನೆ ಕನ್ನಡಿಯ ಹತ್ತಿರ ಒಂದು ಹಸಿರು ಟ್ಯೂಬ್ ಮರೆತು ಹೋದಳು. ಮೇಲೊಂದು ಪುಟ್ಟ ಹುಲಿಯ ಚಿತ್ರ, ಸುತ್ತ ಕೊರಿಯಾದ ಅಕ್ಷರ. ಫೋನ್ ಮಾಡಿ ಏನಿದು ಅಂತ ಕೇಳಿದೆ. "ಚಿಕ್ಕಿ, ಅದು ಸಿಕಾ ಕ್ರೀಮ್. ಮೊಡವೆ ಕಲೆಗೆ. ಸಾವಿರದ ಮುನ್ನೂರು ರೂಪಾಯಿ. ಸುಮ್ನೆ ಮುಟ್ಟಬೇಡಿ ಆಯ್ತಾ" ಅಂದಳು. ಮುಟ್ಟಬೇಡಿ ಅಂದ ಮೇಲೆ ಮುಟ್ಟದೆ ಇರೋಕಾಗುತ್ತಾ? ಕನ್ನಡಕ ಏರಿಸಿಕೊಂಡು ಹಿಂದಿನ ಸಣ್ಣ ಅಕ್ಷರ ಓದಿದೆ. ಸೆಂಟೆಲ್ಲಾ ಏಷ್ಯಾಟಿಕಾ.

ಒಂದೆಲಗ! ಊರಿನ ಮನೆಯ ಬಾವಿಕಟ್ಟೆ ಹಿಂದೆ, ಪಾತ್ರೆ ತೊಳೆದ ನೀರು ಹರಿಯುವ ಕಡೆ, ಯಾರೂ ನೆಡದೆ ಯಾರೂ ಸಾಕದೆ ಹಬ್ಬಿಕೊಂಡಿದ್ದ ಅದೇ ಒಂದೆಲಗ.

ಅಮ್ಮನಿಗೆ ಹೇಳಿದೆ. ಬೆಲೆಯನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. "ಅದಕ್ಕಾ? ಬಂದು ಕೊಯ್ಕೊಂಡು ಹೋಗ್ಲಿಕ್ಕೆ ಹೇಳು. ಚೀಲ ಮಾತ್ರ ತರಲಿ" ಅಂದಳು.

ನಮ್ಮದು ಪುತ್ತೂರು ಕಡೆ. ಮನೆಯಲ್ಲಿ ಒಂದೆಲಗ ಅನ್ನುತ್ತಿದ್ದೆವು. ತೋಟದ ಕೆಲಸಕ್ಕೆ ಬರುವವರ ತುಳುವಿನಲ್ಲಿ ಅದು ತಿಮರೆ. ಆಚೆ ಮನೆಯ ಕೊಂಕಣಿಯಲ್ಲಿ ಎಕ್‌ಪಾನಿ. ನೆಲಕ್ಕಂಟಿಕೊಂಡೇ ಹರಿಯುವ ಬಳ್ಳಿ. ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಉದ್ದ ತೊಟ್ಟಿನ ತುದಿಗೆ ಒಂದೇ ಒಂದು ಎಲೆ ಎತ್ತಿ ಹಿಡಿಯುತ್ತದೆ. ಹೆಸರು ಬಂದದ್ದೇ ಅದರಿಂದ. ಕೊತ್ತಂಬರಿ, ಜೀರಿಗೆ, ಕ್ಯಾರೆಟ್ ಎಲ್ಲ ಇದರ ದಾಯಾದಿಗಳು ಅಂದರೆ ನಂಬಲಿಕ್ಕಿಲ್ಲ. ಎಲೆ ಕಿವುಚಿ ಮೂಸಿ ನೋಡಿ, ಸ್ವಲ್ಪ ಸುಳಿವು ಸಿಗುತ್ತದೆ.

ನನಗೆ ಈ ಎಲೆಯ ಜೊತೆ ಒಂದು ಹಳೇ ಲೆಕ್ಕ ಇದೆ. ಎಸ್ಸೆಸ್ಸೆಲ್ಸಿ ವರ್ಷ ಅಪ್ಪ ದಿನಾ ಬೆಳಿಗ್ಗೆ ಐದು ಎಲೆ ತೊಳೆದು ಕೈಗೆ ಕೊಡುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ ಅಗಿದು ತಿನ್ನಬೇಕು. ಒಗರು, ಕಹಿ, ಕೊನೆಗೆ ಮಣ್ಣಿನ ರುಚಿ. ನೆನಪಿನ ಶಕ್ತಿ ಹೆಚ್ಚುತ್ತದೆ ಅಂತ. ಮೂರು ತಿಂಗಳು ತಿಂದೆ. ಗಣಿತದಲ್ಲಿ ಬಂದದ್ದು 41. ಅಪ್ಪ ಅಂಕಪಟ್ಟಿ ನೋಡಿ, "ತಿನ್ನದೆ ಇದ್ದಿದ್ದರೆ 30 ಬರುತ್ತಿತ್ತು" ಅಂದರು. ಆ ವಾದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ. ನಾಟಿ ಮದ್ದಿನ ಬಗ್ಗೆ ಯಾರ ಜೊತೆ ವಾದಕ್ಕಿಳಿದರೂ ಕೊನೆಗೆ ಬಂದು ನಿಲ್ಲುವುದು ಈ 30ರ ಹತ್ತಿರವೇ.

ಅಪ್ಪ ಹೇಳಿದ್ದು ಅವರ ಸ್ವಂತ ಕಲ್ಪನೆಯೇನೂ ಆಗಿರಲಿಲ್ಲ. ಬುದ್ಧಿ ಚುರುಕಾಗಲು ನಾಲ್ಕು ಮದ್ದುಗಳನ್ನು ಚರಕಸಂಹಿತೆ ಹೇಳುತ್ತದೆ. ಅದರಲ್ಲಿ ಮೊದಲನೆಯದೇ ಮಂಡೂಕಪರ್ಣಿಯ ರಸ. ಉಳಿದವು ಜೇಷ್ಠಮಧು, ಅಮೃತಬಳ್ಳಿ, ಶಂಖಪುಷ್ಪಿ. ಮಂಡೂಕಪರ್ಣಿ ಅಂದರೆ ಕಪ್ಪೆ ಎಲೆ, ನಮ್ಮ ಒಂದೆಲಗ. ತೆಲುಗಿನವರು ಸೀದಾ ಸರಸ್ವತಿ ಎಲೆ ಅಂತಲೇ ಕರೆದುಬಿಟ್ಟರು. ತಮಿಳರಿಗೆ ಇದು ವಲ್ಲಾರೈ. ವಲ್ಲಾರೈ ತಿಂದವನ ಜೊತೆ ಮಲ್ಲಯುದ್ಧಕ್ಕೆ ಹೋಗಬೇಡ ಅಂತ ಅವರಲ್ಲೊಂದು ಗಾದೆ ಇದೆ. ಅಂದರೆ ಅಲ್ಲಿ ಬುದ್ಧಿಯ ಜೊತೆ ತೋಳಿಗೂ ಬಲ ಬಂತು.

ಇಲ್ಲೊಂದು ಗೊಂದಲವನ್ನು ಹೇಳಿಬಿಡಬೇಕು. ನಮ್ಮಲ್ಲಿ ಜಾಸ್ತಿ ಜನ ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತಾರೆ. ಗಡಿ ದಾಟಿ ಕೇರಳಕ್ಕೆ ಹೋದರೆ ಬ್ರಾಹ್ಮಿ ಅಂದರೆ ಬೇರೆಯೇ ಗಿಡ. ನೀರಿನ ಬದಿಯಲ್ಲಿ ದಪ್ಪ ದಪ್ಪ ಪುಟ್ಟ ಎಲೆ ಬಿಡುವ ನೀರುಬ್ರಾಹ್ಮಿ ಅದು. ಇವೆರಡಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಪರೀಕ್ಷೆ ಕಾಲದಲ್ಲಿ ಮಕ್ಕಳಿಗೆ ಅಂತ ಬ್ರಾಹ್ಮಿ ಹೆಸರಿನ ಮಾತ್ರೆ ತರುವವರು ಡಬ್ಬಿಯ ಹಿಂದೆ ಯಾವ ಗಿಡ ಅಂತ ಒಮ್ಮೆ ಓದುವುದು ಒಳ್ಳೆಯದು.

ಟ್ಯೂಬ್ ಕೈಗೆ ಬಂದ ಮೇಲೆ ನನಗೆ ಒಂದು ಹುಚ್ಚು ಹಿಡಿಯಿತು. ಈ ಎಲೆಗೆ ಯಾವ ಯಾವ ಊರಿನವರು ಏನೇನು ಹೆಸರಿಟ್ಟಿದ್ದಾರೆ ಅಂತ ಹುಡುಕುತ್ತಾ ಕೂತೆ. ನಾವು ಎಲೆಗಳನ್ನು ಎಣಿಸಿ ಒಂದು ಅಂದೆವು. ಸಂಸ್ಕೃತದವರು ಕಪ್ಪೆಯನ್ನು ಕಂಡರು. ಬರ್ಮಾದವರು ಮ್ಯಿನ್ ಖ್ವಾ ಅಂದರು, ಅಂದರೆ ಕುದುರೆಯ ಗೊರಸು. ಎಲೆಯ ಆಕಾರ ನೋಡಿದರೆ ಹೌದಲ್ವಾ ಅನಿಸುತ್ತದೆ. ಥಾಯ್ಲೆಂಡಿನಲ್ಲಿ ಬುವಾ ಬೊಕ್, ನೆಲದ ತಾವರೆ. ದಕ್ಷಿಣ ಚೀನಾದ ಕಡೆಯ ಒಂದು ಹೆಸರಂತೂ ನನಗೆ ತುಂಬಾ ಇಷ್ಟವಾಯಿತು: ಚೂರು ಮುರಿದ ದೊಡ್ಡ ಬಟ್ಟಲು. ತೊಟ್ಟು ಸೇರುವ ಕಡೆ ಎಲೆಯಲ್ಲಿ ಒಂದು ಕಚ್ಚು ಇರುತ್ತದಲ್ಲ, ಅದನ್ನು ನೋಡಿ ಇಟ್ಟ ಹೆಸರು. ಇಷ್ಟು ವರ್ಷ ಆ ಎಲೆ ತಿಂದೆ, ಬಟ್ಟಲು ಮುರಿದದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಶ್ರೀಲಂಕಾದ ಹೆಸರು ಮಾತ್ರ ಮೊದಲೇ ಗೊತ್ತಿತ್ತು. ಕೆಲವು ವರ್ಷದ ಹಿಂದೆ ನಾವಿಬ್ಬರೂ ಕೊಲಂಬೊಗೆ ಹೋಗಿದ್ದೆವು. ಬೆಳಿಗ್ಗೆ ಆರೂವರೆಗೆ ವಾಕಿಂಗ್ ಹೊರಟರೆ, ರಸ್ತೆ ಬದಿಯಲ್ಲಿ ಒಬ್ಬ ಹೆಂಗಸು ದೊಡ್ಡ ಪಾತ್ರೆಯಲ್ಲಿ ಹಸಿರು ಗಂಜಿ ಇಟ್ಟುಕೊಂಡು ನಿಂತಿದ್ದರು. ಆಫೀಸಿಗೆ ಹೋಗುವವರು, ಆಟೋದವರು, ನಮ್ಮಂತೆ ವಾಕಿಂಗಿನವರು ಎಲ್ಲ ಲೋಟ ಹಿಡಿದು ನಿಂತಿದ್ದರು. ಕೊಳ ಕೆಂದ ಅಂತ. ಅಕ್ಕಿ, ತೆಂಗಿನ ಹಾಲು, ಸೊಪ್ಪಿನ ರಸ. ಜೊತೆಗೆ ಒಂದು ಚೂರು ಬೆಲ್ಲ. ಬೆಲ್ಲ ಕಚ್ಚಿಕೊಂಡು ಬಿಸಿ ಗಂಜಿ ಹೀರಬೇಕು. ಮೊದಲ ಗುಟುಕಿಗೇ ನಾಲಿಗೆಗೆ ಗುರುತು ಸಿಕ್ಕಿತು. ಯಾವ ಸೊಪ್ಪು ಅಂತ ಕೈಸನ್ನೆಯಲ್ಲಿ ಕೇಳಿದೆ. "ಗೊಟು ಕೊಳ" ಅಂದರು. ಕೊಳ ಅಂದರೆ ಎಲೆ, ಗೊಟು ಅಂದರೆ ದೊನ್ನೆಯ ಹಾಗೆ ಮಡಚಿದ್ದು. ಮಧ್ಯಾಹ್ನ ಊಟಕ್ಕೆ ಕೂತರೆ ಅದೇ ಎಲೆ ಮತ್ತೆ ಬಂತು. ಕೂದಲೆಳೆಯ ಹಾಗೆ ಹೆಚ್ಚಿ, ತೆಂಗಿನತುರಿ, ಸಣ್ಣ ಈರುಳ್ಳಿ, ಹಸಿಮೆಣಸು, ನಿಂಬೆರಸ ಕಲಸಿದ್ದರು. ಸಾಮಾನ್ಯವಾಗಿ ಒಣ ಮೀನಿನ ಪುಡಿಯೂ ಇರುತ್ತದಂತೆ. ನಮಗಾಗಿ ಬಿಟ್ಟಿದ್ದರು.

ನಮ್ಮ ತಂಬುಳಿಗೂ ಅದಕ್ಕೂ ಎಷ್ಟು ಹತ್ತಿರ ನೋಡಿ. ಒಂದು ಹಿಡಿ ಎಲೆ, ತೆಂಗಿನತುರಿ, ಜೀರಿಗೆ, ನಾಲ್ಕು ಕಾಳುಮೆಣಸು ನುಣ್ಣಗೆ ರುಬ್ಬಿ, ಮಜ್ಜಿಗೆ ಬೆರೆಸಿ, ಮೇಲೆ ಸಾಸಿವೆ ಒಗ್ಗರಣೆ. ಕುದಿಸುವ ಹಾಗಿಲ್ಲ. ತಂಪು ಹುಳಿ ಅನ್ನುವುದೇ ತಂಬುಳಿ ಆಯಿತು ಅಂತಾರೆ. ಅವರ ಹತ್ತಿರ ನಿಂಬೆ, ನಮ್ಮ ಹತ್ತಿರ ಮಜ್ಜಿಗೆ. ತೆಂಗು ಇಬ್ಬರಿಗೂ ಬೇಕು. ಎಲೆಯ ಕಹಿಯನ್ನು ತೆಂಗಿನಿಂದ ಪಳಗಿಸಬಹುದು ಅಂತ ಯಾರು ಯಾರಿಗೆ ಹೇಳಿಕೊಟ್ಟರೋ!

ಥಾಯ್ಲೆಂಡಿನವರ ಕಥೆ ಕೇಳಿ ನಾನು ಒಬ್ಬಳೇ ನಕ್ಕೆ. ಅಲ್ಲಿ ಬುವಾ ಬೊಕ್ ರಸ ಒಳಪೆಟ್ಟಿಗೆ ಮದ್ದು. ಬಿದ್ದು ಮೈ ಒಳಗೆ ನೋವಾಗಿದ್ದರೆ, ರಕ್ತ ಹೆಪ್ಪುಗಟ್ಟಿ ನೀಲಿಯಾಗಿದ್ದರೆ ಕುಡಿಸುತ್ತಾರೆ. ಒಳಗೆ ಪೆಟ್ಟು ಅಂದಮೇಲೆ ಮನಸ್ಸಿಗೆ ಬಿದ್ದ ಪೆಟ್ಟೂ ಒಳಗಿನದೇ ಅಲ್ವಾ? ಹಾಗಾಗಿ ಪ್ರೀತಿಯಲ್ಲಿ ಸೋತವರಿಗೆ ಗೆಳೆಯರು ತಮಾಷೆ ಮಾಡುತ್ತಾರೆ, ಹೋಗಿ ಬುವಾ ಬೊಕ್ ರಸ ಕುಡಿ ಅಂತ. ನಮ್ಮಲ್ಲಿ ಗಣಿತದಲ್ಲಿ ಫೇಲಾಗುವವರಿಗೆ ಕೊಟ್ಟದ್ದನ್ನು ಅಲ್ಲಿ ಪ್ರೇಮದಲ್ಲಿ ಫೇಲಾದವರಿಗೆ ಕೊಡುತ್ತಾರೆ.

ವಿಯೆಟ್ನಾಮಿನಲ್ಲಿ ಇದರ ಹೆಸರು ರೌ ಮಾ. ಬೇಸಿಗೆಯಲ್ಲಿ ರುಬ್ಬಿ ಸೋಸಿ, ಸಕ್ಕರೆ, ಐಸು ಹಾಕಿ ಗಾಜಿನ ಲೋಟದಲ್ಲಿ ಕೊಡುತ್ತಾರೆ. ನಾವು ಕಬ್ಬಿನ ಹಾಲು ಕುಡಿಯುವ ಹಾಗೆ ರಸ್ತೆ ಬದಿಯಲ್ಲಿ ಕುಡಿಯುತ್ತಾರೆ. ಮೈಯ ಉಷ್ಣ ಇಳಿಯುತ್ತದಂತೆ. ಆದರೆ ಆ ಲೋಟದ ಹಿಂದೆ ಇನ್ನೊಂದು ನೆನಪೂ ಇದೆ. 1945ರಲ್ಲಿ ಉತ್ತರ ವಿಯೆಟ್ನಾಮಿನಲ್ಲಿ ಭೀಕರ ಬರ. ಲಕ್ಷಗಟ್ಟಲೆ ಜನ ಹಸಿದು ಸತ್ತರು. ಬಡವರ ಹಸಿವಿನ ಮಾತು ಬಂದರೆ ರೌ ಮಾ ಹೆಸರೂ ಬಂದೇ ಬರುತ್ತದೆ. ಏನೂ ಇಲ್ಲದ ದಿನ ಕೈಗೆ ಸಿಗುತ್ತಿದ್ದ ಸೊಪ್ಪು ಅದು. ಥಾನ್ ಹೋವಾ ಅನ್ನುವ ಪ್ರಾಂತ್ಯದವರನ್ನು ಬೇರೆಯವರು ಇವತ್ತಿಗೂ ರೌ ಮಾ ತಿನ್ನುವವರು ಅಂತ ಕಾಡಿಸುತ್ತಾರೆ. ಬಡತನವನ್ನು ಸೊಪ್ಪಿನ ಹೆಸರಿನಲ್ಲಿ ಹಂಗಿಸುವುದು ನಮಗೂ ಹೊಸದಲ್ಲ ಬಿಡಿ.

ಇಲ್ಲಿಂದ ಎಲೆ ಹಿಂದೂ ಮಹಾಸಾಗರದ ಆ ಬದಿಗೆ ಹೋಗುತ್ತದೆ. ಮಡಗಾಸ್ಕರಿನಲ್ಲಿ ಇದಕ್ಕೆ ತಲಪೆಟ್ರಕ ಅಂತ ಹೆಸರು. ಗಾಯಕ್ಕೆ, ಹುಣ್ಣಿಗೆ, ಚರ್ಮದ ಕಾಯಿಲೆಗೆ ಹಚ್ಚುತ್ತಿದ್ದರು. ಹತ್ತಿರದ ಮಾರಿಷಸ್‌ನಲ್ಲಿ 1852ರಲ್ಲಿ ಬೊಯಿಲೋ ಎಂಬ ವೈದ್ಯ ಕುಷ್ಠರೋಗಕ್ಕೆ ಇದು ಒಳ್ಳೆಯದು ಅಂತ ಬರೆದ. ಸುದ್ದಿ ಮದ್ರಾಸಿಗೆ ಬಂತು. ಅಲ್ಲಿನ ಕುಷ್ಠರೋಗಿಗಳ ಆಸ್ಪತ್ರೆಯಲ್ಲಿ ಹಂಟರ್ ಎಂಬ ವೈದ್ಯರು ಕೊಟ್ಟು ನೋಡಿದರು. ಕುಷ್ಠಕ್ಕೆ ಇದೇ ಮದ್ದು ಅನ್ನಲಾಗದು, ಆದರೆ ರೋಗಿಗಳ ಒಟ್ಟು ಆರೋಗ್ಯ ಸುಧಾರಿಸುತ್ತದೆ ಅನ್ನುವುದು ಅವರು ಕಂಡುಕೊಂಡದ್ದು. ಇದನ್ನು ಓದಿ ನನಗೆ ಅನಿಸಿದ್ದೇ ಬೇರೆ. ಆಸ್ಪತ್ರೆಯ ಊಟ ತಿಂದು ಸೊರಗಿದವರಿಗೆ ದಿನಾ ಹಸಿ ಸೊಪ್ಪಿನ ರಸ ಕೊಟ್ಟರೆ ಮೈಗೆ ಹಿಡಿಯದೆ ಇರುತ್ತದೆಯೇ?

1941ರಲ್ಲಿ ಈ ಎಲೆಯಿಂದ ಏಷ್ಯಾಟಿಕೋಸೈಡ್ ಅನ್ನುವ ವಸ್ತುವನ್ನು ಬೇರ್ಪಡಿಸಿದರು. ಮಡಗಾಸ್ಕರಿನಲ್ಲಿದ್ದ ಪಿಯರ್ ಬ್ವಾತೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಮತ್ತು ಅವರ ಜೊತೆಯವರು ಅದನ್ನು ಕುಷ್ಠಕ್ಕೆ ಬಳಸಬಹುದೇ ಅಂತ ನೋಡುತ್ತಿದ್ದರು. ಅಷ್ಟರಲ್ಲಿ ಸಲ್ಫೋನ್ ಜಾತಿಯ ಮದ್ದುಗಳು ಬಂದವು. ಕುಷ್ಠಕ್ಕೆ ನಿಜವಾದ ಚಿಕಿತ್ಸೆ ಸಿಕ್ಕಿತು. ಎಲೆಯ ಕೆಲಸ ಮುಗಿಯಿತು ಅನ್ನುವ ಹೊತ್ತಿಗೆ ಅದರ ಇನ್ನೊಂದು ಗುಣ ಉಳಿದುಕೊಂಡಿತು. ಗಾಯವನ್ನು ಅದು ಚೆನ್ನಾಗಿ ಕೂಡಿಸುತ್ತಿತ್ತು. ಚರ್ಮದ ಕೆಳಗೆ ಕೊಲಾಜೆನ್ ಅನ್ನುವ ನಾರು ಹೆಣೆಯುವ ಕೋಶಗಳನ್ನು ಇದರ ಸತ್ವ ಚುರುಕು ಮಾಡುತ್ತದೆ. ಅದೇ ಮಡಗಾಸ್ಕರಿನ ಹೆಸರು ಹೊತ್ತು ಮಡೆಕಸಾಲ್ ಎಂಬ ಮುಲಾಮು ಆಯಿತು. ಅದರ ಹಿಂದೆ ಕೆಲಸ ಮಾಡಿದ ಮಡಗಾಸ್ಕರಿನ ವಿಜ್ಞಾನಿ ಆಲ್ಬರ್ಟ್ ರಕೋಟೊ ರತ್ಸಿಮಮಂಗ 1957ರಲ್ಲಿ ತಮ್ಮ ದೇಶದಲ್ಲೇ ನಾಟಿ ಮದ್ದುಗಳ ಸಂಶೋಧನಾ ಸಂಸ್ಥೆ ಕಟ್ಟಿದರು. ಮುಲಾಮು ಕೊರಿಯಾಕ್ಕೂ ಹೋಗಿ ಅಲ್ಲಿನ ಮನೆಮನೆಯ ಮದ್ದಿನ ಡಬ್ಬಿ ಸೇರಿತು. ಮುಲಾಮಿನ ದಾರಿ ಹಿಡಿದು ಮುಖದ ಕ್ರೀಮು ಬಂತು. ಸಿಕಾ ಅನ್ನುವ ಹೆಸರೂ ಗಾಯದ ಕಲೆ ಕೂಡುವುದಕ್ಕೆ ಫ್ರೆಂಚಿನಲ್ಲಿರುವ ಮಾತಿನಿಂದಲೇ ಬಂದದ್ದು.

ಹುಲಿಯ ಚಿತ್ರ ಯಾಕೆ ಅಂತ ಕೇಳಬೇಡಿ. ಗಾಯಗೊಂಡ ಹುಲಿ ಈ ಎಲೆಗಳ ಮೇಲೆ ಹೊರಳಾಡಿ ವಾಸಿ ಮಾಡಿಕೊಳ್ಳುತ್ತದೆ ಅನ್ನುವ ಕಥೆ. ನಾಗರಹೊಳೆಯಲ್ಲಿ ಹುಲಿಯೂ ಇದೆ, ಹಸಿ ನೆಲವೂ ಇದೆ. ಅಲ್ಲಿನವರು ಯಾರಾದರೂ ನೋಡಿದ್ದರೆ ಹೇಳಲಿ.

ಅಂದಹಾಗೆ ಯುರೋಪಿಗೆ ಈ ಎಲೆಯ ಪರಿಚಯ ಅದಕ್ಕೂ ಬಹಳ ಮೊದಲೇ ಆಗಿತ್ತು. ಅದೂ ನಮ್ಮ ಕರಾವಳಿಯಿಂದಲೇ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 12 ಸಂಪುಟಗಳ ಹೊರ್ಟಸ್ ಮಲಬಾರಿಕಸ್ ಮಾಡಿಸಿದ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು. ಅದರ ಹತ್ತನೇ ಸಂಪುಟದಲ್ಲಿ ಕೊಡಗಂ ಅನ್ನುವ ಮಲಯಾಳಿ ಹೆಸರಿನಲ್ಲಿ ಒಂದೆಲಗದ ಚಿತ್ರ ಇದೆ. ಗಿಡಗಳ ಗುಣ ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು, ಜೊತೆಗೆ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿಗರು. ಇವರ ಹೆಸರುಗಳು ಪುಸ್ತಕದಲ್ಲೇ ಅಚ್ಚಾಗಿವೆ. ಟ್ಯೂಬಿನ ಹಿಂದೆ ಅಷ್ಟೂ ಸಣ್ಣ ಅಕ್ಷರ ಓದಿದೆ, ಅಂಥ ಒಂದು ಹೆಸರೂ ಸಿಗಲಿಲ್ಲ.

ಸರಿ, ಈ ಎಲೆ ನಿಜಕ್ಕೂ ನೆನಪು ಹೆಚ್ಚಿಸುತ್ತದಾ? ಗಾಯ ಕೂಡಿಸುವ ವಿಷಯದಲ್ಲಿ ಅಪ್ಪನ ಕಾಲದವರು, ವಿಜ್ಞಾನಿಗಳು ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಡೆ ಇದ್ದಾರೆ. ನೆನಪಿನ ವಿಷಯ ಹಾಗಿಲ್ಲ. 2017ರಲ್ಲಿ ಥಾಯ್ಲೆಂಡಿನ ಸಂಶೋಧಕರು ಮನುಷ್ಯರ ಮೇಲೆ ಆಗಿದ್ದ 11 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬುದ್ಧಿಶಕ್ತಿಯ ಯಾವ ಅಳತೆಯಲ್ಲೂ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಆದರೆ ತಿಂದ ಒಂದು ಗಂಟೆಯಲ್ಲಿ ಸ್ವಲ್ಪ ಚುರುಕು ಬಂದು, ಸಿಟ್ಟು ಕಡಿಮೆಯಾಗಬಹುದು ಅನ್ನುವ ಸುಳಿವು ಸಿಕ್ಕಿತು. ನನ್ನ ಅಂಕಪಟ್ಟಿ ಬಂದ ದಿನ ಆ ಐದು ಎಲೆಯನ್ನು ಅಪ್ಪನೇ ತಿನ್ನಬೇಕಿತ್ತು.

ತಮಾಷೆ ಹಾಗಿರಲಿ. ಸೊಪ್ಪಾಗಿ ತಟ್ಟೆಯಲ್ಲಿ ಇದ್ದಷ್ಟು ದಿನ ಈ ಎಲೆ ಯಾರಿಗೂ ದೊಡ್ಡ ತೊಂದರೆ ಕೊಟ್ಟ ಹಾಗಿಲ್ಲ. ಮಾತ್ರೆಯಾದ ಮೇಲೆ ಕಥೆ ಬೇರೆ. 2005ರಲ್ಲಿ ಅರ್ಜೆಂಟೀನಾದ ವೈದ್ಯರು ಮೂವರು ಹೆಂಗಸರ ಬಗ್ಗೆ ಬರೆದರು. ಮೂವರೂ 20ರಿಂದ 60 ದಿನ ಒಂದೆಲಗದ ಮಾತ್ರೆ ತಿಂದು ಕಾಮಾಲೆ ಹಿಡಿಸಿಕೊಂಡು ಬಂದವರು. ಬಿಟ್ಟ ಮೇಲೆ ಸರಿಹೋಯಿತು. ಲಿವರ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಇಂಥದ್ದಕ್ಕೆ ಕೈ ಹಾಕಬಾರದು. ಇನ್ನೊಂದು ಮಾತು, ಇದು ಕೊಳಚೆ ನೀರಿನ ಬದಿಯಲ್ಲೂ ಅಷ್ಟೇ ಸೊಗಸಾಗಿ ಬೆಳೆಯುತ್ತದೆ. ಮಣ್ಣಿನಲ್ಲಿ ಇರುವುದನ್ನೆಲ್ಲ ಹೀರುತ್ತದೆ. ನಮ್ಮ ಬಾವಿಕಟ್ಟೆಯಲ್ಲಿ ಆಗ ಪಾತ್ರೆಗೆ ಬೂದಿ, ತೆಂಗಿನ ನಾರು. ಈಗ ಸೋಪು. ಅಮ್ಮ ಈಗ ತೋಟದ ಒರತೆಯ ಹತ್ತಿರದ್ದನ್ನೇ ಕೊಯ್ಯುತ್ತಾಳೆ.

ಮಡಗಾಸ್ಕರಿನ ಮಾತು ಬಂದಾಗ ನಮ್ಮ ಅಂಗಳದ ಇನ್ನೊಂದು ಗಿಡ ನೆನಪಾಯಿತು. ನಿತ್ಯಪುಷ್ಪ, ಕಾಶಿ ಕಣಗಿಲೆ ಅಂತಾರಲ್ಲ, ವರ್ಷವಿಡೀ ಗುಲಾಬಿ ಬಣ್ಣದ ಐದೆಸಳಿನ ಹೂ ಬಿಡುವುದು. ಅದರ ತವರು ಮಡಗಾಸ್ಕರ್. ತಮಿಳುನಾಡಿನಲ್ಲಿ ಸುಡುಗಾಡು ಮಲ್ಲಿಗೆ ಅನ್ನುತ್ತಾರೆ. ಜಮೈಕಾದಲ್ಲಿ ಜನ ಅದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಕೆನಡಾಕ್ಕೆ ಒಂದು ಲಕೋಟೆ ಬಂತು, ಒಳಗೆ 25 ಎಲೆ. ರಾಬರ್ಟ್ ನೋಬಲ್ ಎಂಬ ವಿಜ್ಞಾನಿ ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ. ಇಳಿದದ್ದು ಬಿಳಿ ರಕ್ತಕಣ. ಬಿಳಿ ರಕ್ತಕಣ ಇಳಿಸುವುದಾದರೆ ರಕ್ತದ ಕ್ಯಾನ್ಸರಿಗೆ ಆದೀತಲ್ಲ ಅಂತ ಹೊಳೆಯಿತು. ಚಾರ್ಲ್ಸ್ ಬೀರ್ ಎಂಬ ರಸಾಯನವಿಜ್ಞಾನಿಯ ಜೊತೆ ಸೇರಿ 1958ರಲ್ಲಿ ವಿನ್‌ಬ್ಲಾಸ್ಟಿನ್ ತೆಗೆದರು. ಅದೇ ಗಿಡದ ವಿನ್‌ಕ್ರಿಸ್ಟಿನ್ ಇವತ್ತಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡುವ ಮದ್ದು. ಜನ ಯಾವುದಕ್ಕೆ ಅಂತ ಕುಡಿದರೋ ಅದು ಹೌದೋ ಅಲ್ಲವೋ, ಎಲೆಯಲ್ಲಿ ಏನೋ ಇದೆ ಅನ್ನುವುದು ಮಾತ್ರ ಸುಳ್ಳಾಗಲಿಲ್ಲ. ಹಾಗಂತ ನಮ್ಮ ಪಾರ್ಕಿನಲ್ಲಿ ಶುಗರ್ ಇರುವ ಕೆಲವರು ಬೆಳಿಗ್ಗೆ ನಿತ್ಯಪುಷ್ಪದ ಎಲೆ ಅಗಿಯುವುದನ್ನು ನೋಡಿದರೆ ನನಗೆ ಭಯ. ಅದು ಸೊಪ್ಪಲ್ಲ, ವಿಷ. ಒಂದೆಲಗದ ಹಾಗೆ ಯಾವ ಊರಿನವರೂ ಅದನ್ನು ಅನ್ನಕ್ಕೆ ಕಲಸಿ ತಿಂದ ಕಥೆ ನನಗೆ ಸಿಕ್ಕಿಲ್ಲ.

ಹೋದ ವಾರ ಊರಿಗೆ ಹೋಗಿದ್ದೆ. ಅಮ್ಮ ಒರಳಿನ ಮುಂದೆ ಕೂತು ತೆಂಗಿನಕಾಯಿ ತುರಿಯುತ್ತಿದ್ದಳು. ಮಿಕ್ಸಿ ಇದ್ದರೂ ತಂಬುಳಿಗೆ ಒರಳೇ ಆಗಬೇಕು ಅವಳಿಗೆ. ಪಕ್ಕದಲ್ಲಿ ಕೂತು ಹಿಡಿ ಒಂದೆಲಗದ ಬೇರು ಕಿತ್ತು ಕೊಡುತ್ತಾ ನಾನು ಕಂಡುಕೊಂಡದ್ದನ್ನೆಲ್ಲ ಹೇಳಿದೆ. ಕೊಲಂಬೊದ ಗಂಜಿ, ಥಾಯ್ಲೆಂಡಿನ ಪ್ರೇಮಿಗಳು, ವಿಯೆಟ್ನಾಮಿನ ಬರ, ಮಡಗಾಸ್ಕರಿನ ಮುಲಾಮು. ಕೊನೆಗೆ, ನೆನಪಿನ ಶಕ್ತಿಗೆ ಇದು ಅಷ್ಟೇನೂ ಪ್ರಯೋಜನ ಇಲ್ಲ ಅಂತ ಹೇಳ್ತಾರೆ ಅಮ್ಮ, ಅಂದೆ.

ಅಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಪರೀಕ್ಷೆ ಇದ್ದದ್ದು ಮಾರ್ಚಿನಲ್ಲಿ ಅಲ್ವಾ? ಮಾರ್ಚಿನಲ್ಲಿ ಆ ಬಾವಿಕಟ್ಟೆ ಒಂದು ಬಿಟ್ಟರೆ ಬೇರೆ ಎಲ್ಲಿ ಹಸಿರು ಇತ್ತು ಹೇಳು? ಬೆಂಡೆ ಇಲ್ಲ, ಬಸಳೆ ಒಣಗಿರ್ತಿತ್ತು. ಮಧ್ಯಾಹ್ನಕ್ಕೆ ಏನಾದರೂ ಒಂದು ಪದಾರ್ಥ ಆಗ್ಬೇಕಲ್ಲ."

"ಮತ್ತೆ ಅಪ್ಪ ಹೇಳ್ತಿದ್ದದ್ದು?"

"ಸುಮ್ನೆ ತಂಬುಳಿ ಅಂದರೆ ನೀವು ಮಕ್ಕಳು ಮೂಗು ಮುರೀತಿದ್ರಿ. ಬುದ್ಧಿ ಬರ್ತದೆ ಅಂದರೆ ತಿಂತಿದ್ರಿ" ಅಂದಳು.